ನರ್ಸಿಂಗ್ ಸಹಾಯಕರ ತರಬೇತಿ: ಶುಲ್ಕ ಕಟ್ಟುವ ಮುನ್ನ

ನರ್ಸಿಂಗ್ ಸಹಾಯಕರ ತರಬೇತಿಗೆ ಸೇರಬೇಕೆಂದು ಬರುವವರು ಮೊದಲು ವಿಚಾರಿಸುವುದು ಅವಧಿಯನ್ನು, ಆಮೇಲೆ ಶುಲ್ಕವನ್ನು. ಎರಡೂ ಮುಖ್ಯವೇ. ಆದರೆ ಈ ಕೆಲಸ ಕಲಿಸುತ್ತ ಬಂದ ನಾನು, ಸಂಸ್ಥೆಯವರನ್ನು ಕೇಳಿ ಎಂದು ಅವರಿಗೆ ಹೇಳುವ ಪ್ರಶ್ನೆ ಬೇರೆ: ನಿಜವಾದ ರೋಗಿಯ ಹಾಸಿಗೆಯ ಪಕ್ಕದಲ್ಲಿ, ಅನುಭವಿ ನರ್ಸ್ ಒಬ್ಬರ ಕಣ್ಣೆದುರು, ನಾನು ಎಷ್ಟು ಗಂಟೆ ಕೆಲಸ ಮಾಡುತ್ತೇನೆ? ಉತ್ತರ ಗಂಟೆಗಳ ಲೆಕ್ಕದಲ್ಲಿ, ಆಸ್ಪತ್ರೆ ಮತ್ತು ವಾರ್ಡಿನ ಹೆಸರಿನ ಸಮೇತ ಬರಬೇಕು. ‘ಪ್ರಾಯೋಗಿಕ ತರಗತಿ ಇದ್ದೇ ಇರುತ್ತದೆ’ ಎಂದಷ್ಟೇ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮಗ್ಗುಲು ಬದಲಿಸುವುದನ್ನೇ ನೋಡಿ. ಎದ್ದು ಓಡಾಡಲಾಗದ ರೋಗಿ ಒಂದೇ ಭಂಗಿಯಲ್ಲಿ ಮಲಗಿದ್ದರೆ ಬೆನ್ನಿನ ತಳಭಾಗ, ಸೊಂಟದ ಬದಿ, ಹಿಮ್ಮಡಿಗಳ ಮೇಲೆ ಭಾರ ಬಿದ್ದು ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ; ಚರ್ಮ ಕೊಳೆಯಲು ಶುರುವಾಗುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸುವ ರೂಢಿ. ಹೊರಳಿಸುವಾಗ ಮೈ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ತರಚುತ್ತದೆ, ಹಾಗಾಗಿ ಇಬ್ಬರು ಸೇರಿ ಹಾಸುಬಟ್ಟೆಯ ಸಹಾಯದಿಂದ ಎತ್ತಿ ಸರಿಸಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಕೆಂಪು ಮಾಯವಾಗದಿದ್ದರೆ ಅದು ಹುಣ್ಣಿನ ಮೊದಲ ಹಂತ. ತಿಕ್ಕಬಾರದು, ಕೂಡಲೇ ನರ್ಸ್‌ಗೆ ತಿಳಿಸಬೇಕು. ಕಪ್ಪು ಚರ್ಮದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಬಿಸಿ, ಗಡಸುತನ, ನೋವುಗಳಿಂದ ಪತ್ತೆ ಮಾಡಬೇಕಾಗುತ್ತದೆ. ತರಗತಿಯಲ್ಲಿ ಅಭ್ಯಾಸಕ್ಕಿಡುವ ಬೊಂಬೆಯ ಮೇಲೆ ಇದನ್ನು ಕಲಿಯಲು ಸಾಧ್ಯವೇ? ಬೊಂಬೆಗೆ ನೋವೂ ಇಲ್ಲ, ನಾಚಿಕೆಯೂ ಇಲ್ಲ.

ಉಸಿರಾಟ ಎಣಿಸುವುದೂ ಹಾಗೆಯೇ. ಎಣಿಸುತ್ತಿರುವುದು ಗೊತ್ತಾದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡಿದ ಮೇಲೂ ಕೈ ಬಿಡದೆ, ಮಾತಾಡದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುವ ಈ ಜಾಣ್ಮೆ ವಾರ್ಡಿನಲ್ಲೇ ಕೈಗೂಡುವುದು.

ಮಲಮೂತ್ರ ಕಂಡರೆ ಹೇಸಿಗೆಯಾಗುತ್ತದೆ ಎಂದು ಹಿಂಜರಿಯುವವರಿಗೆ ನನ್ನ ಉತ್ತರ ಒಂದೇ: ಹೇಸಿಗೆ ದಿನಗಳೆದಂತೆ ಕಡಿಮೆಯಾಗುತ್ತದೆ. ರೋಗಿಯ ಮುಂದೆ ಅದನ್ನು ಮುಖದಲ್ಲಿ ತೋರಿಸದಿರುವುದನ್ನು ಮಾತ್ರ ಮೊದಲ ದಿನದಿಂದಲೇ ಕಲಿಯಬೇಕು.

ಇಂಜೆಕ್ಷನ್ ಕೊಡುವುದನ್ನೂ ಕಲಿಸುತ್ತೇವೆ ಎಂದು ಆಸೆ ಹುಟ್ಟಿಸುವ ಕೋರ್ಸುಗಳ ಬಗ್ಗೆ ಎಚ್ಚರವಿರಲಿ. ಸಹಾಯಕರ ಕೆಲಸ ಆರೈಕೆ, ಗಮನಿಸುವುದು, ವರದಿ ಮಾಡುವುದು. ಔಷಧದ ಹೊಣೆ ಸಾಮಾನ್ಯವಾಗಿ ನರ್ಸ್‌ಗಳದ್ದು. ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಸಂಸ್ಥೆಯವರ ಬಾಯಿಂದಲ್ಲ, ನೀವು ಕೆಲಸಕ್ಕೆ ಸೇರಬಯಸುವ ಆಸ್ಪತ್ರೆಯಲ್ಲಿ ಕೇಳಿ ತಿಳಿಯಿರಿ.

ಇನ್ನು ಹೆಪಟೈಟಿಸ್ ಬಿ (ರಕ್ತದ ಮೂಲಕವೂ ಹರಡುವ ಯಕೃತ್ತಿನ ಸೋಂಕು) ತಡೆಯುವ ಲಸಿಕೆ. ರೂಢಿಯಲ್ಲಿರುವ ಮೂರು ಡೋಸುಗಳ ಕ್ರಮ ಮುಗಿಯಲು ಆರು ತಿಂಗಳು ಬೇಕು, ಆದ್ದರಿಂದ ಅರ್ಜಿ ಹಾಕುವಾಗಲೇ ಮೊದಲನೆಯದನ್ನು ಹಾಕಿಸಿಕೊಳ್ಳಿ. ಬಳಸಿದ ಸೂಜಿ ಚುಚ್ಚಿದರೆ ಗಾಯವನ್ನು ಸೋಪು ನೀರಿನಿಂದ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆಯುವ ಔಷಧ ಬೇಕಾದಲ್ಲಿ 72 ಗಂಟೆಗಳ ಒಳಗೇ ಆರಂಭವಾಗಬೇಕು. ವಿದ್ಯಾರ್ಥಿಗೆ ಹೀಗಾದರೆ ಯಾರಿಗೆ ಹೇಳಬೇಕು, ಚಿಕಿತ್ಸೆಯ ವೆಚ್ಚ ಯಾರದ್ದು ಎಂಬುದನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆದು, ನಂತರವೇ ಶುಲ್ಕ ಕಟ್ಟಿ.