ಪದ ಪರಿಚಯ: ‘ಸೇವೆಯ ಲಭ್ಯತೆ’ ಅಂದರೆ ಏನು?

19 ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯ ಚೀಟಿ ಕೌಂಟರ್ ಮುಂದೆ ನಿಂತಿದ್ದಾಳೆ ಅಂತ ಇಟ್ಟುಕೊಳ್ಳಿ. ಹದಿನೈದು ದಿನದಿಂದ ಬಿಳಿ ಸೆರಗು ಜಾಸ್ತಿ, ಕೆಳಹೊಟ್ಟೆ ನೋವು, ಮೂತ್ರ ಮಾಡುವಾಗ ಉರಿ. ಇಲ್ಲಿಗೆ ಬರೋದಕ್ಕೆ ಧೈರ್ಯ ಮಾಡಲು ಒಂದು ವಾರ ಹಿಡಿದಿದೆ. ಗಾಜಿನ ಆಚೆ ಕೂತವರು ತಲೆ ಎತ್ತದೆ ಕೇಳುತ್ತಾರೆ: “ಏನು ತೊಂದರೆ?” ಅವಳ ಹಿಂದೆ ಎಂಟು ಜನ ಸಾಲಿನಲ್ಲಿದ್ದಾರೆ, ಅವರಲ್ಲಿ ಒಬ್ಬರು ಪಕ್ಕದ ಮನೆಯವರು. “ತಲೆನೋವು” ಅನ್ನುತ್ತಾಳೆ. ಚೀಟಿಯಲ್ಲಿ ಅದೇ ಬರೆಯುತ್ತಾರೆ. ಒಳಗೆ ಡಾಕ್ಟರ್ ಚೀಟಿ ನೋಡಿ ಎರಡು ಪ್ರಶ್ನೆ ಕೇಳಿ ಮಾತ್ರೆ ಬರೆದುಕೊಡುತ್ತಾರೆ. ಅವಳು ಮನೆಗೆ ಹೋಗುತ್ತಾಳೆ.

ಆಸ್ಪತ್ರೆಯ ರಿಜಿಸ್ಟರ್ ತೆಗೆದು ನೋಡಿದರೆ ಎಲ್ಲ ಸರಿಯಾಗಿದೆ. ರೋಗಿ ಬಂದಳು, ಡಾಕ್ಟರ್ ನೋಡಿದರು, ಔಷಧಿ ಕೊಟ್ಟರು. ಸ್ತ್ರೀರೋಗ ವಿಭಾಗ ಅದೇ ಕಟ್ಟಡದಲ್ಲಿ ಇಪ್ಪತ್ತು ಹೆಜ್ಜೆ ಆಚೆ ಇತ್ತು. ಹಾಗಾದರೆ ಅವಳಿಗೆ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಸೇವೆ ‘ಲಭ್ಯ’ ಇತ್ತಾ, ಇರಲಿಲ್ವಾ?

ಇಂಗ್ಲಿಷಿನಲ್ಲಿ ಅವೇಲಬಿಲಿಟಿ ಬೇರೆ, ಆಕ್ಸೆಸ್ ಬೇರೆ. ಕನ್ನಡದ ವರದಿ, ಸುತ್ತೋಲೆಗಳಲ್ಲಿ ಎರಡೂ ‘ಲಭ್ಯತೆ’ ಆಗಿಬಿಡುತ್ತವೆ, ಗೊಂದಲ ಅಲ್ಲಿಂದಲೇ ಶುರು. ಆಡುಮಾತಿಗೆ ಈ ತೊಂದರೆಯೇ ಇಲ್ಲ. “ಇದೆ, ಆದ್ರೆ ಸಿಗಲ್ಲ” ಅಂತ ಒಂದೇ ಉಸಿರಿನಲ್ಲಿ ಹೇಳಿದರೂ ಕೇಳಿದವರಿಗೆ ಅರ್ಥವಾಗುತ್ತದೆ. ಆಕ್ಸೆಸ್‌ಗೆ ‘ಎಟುಕುವುದು’ ಅನ್ನೋ ಮಾತೇ ಸರಿ ಅಂತ ನನಗನ್ನಿಸುತ್ತದೆ. ಎಟುಕಬೇಕು ಅಂದರೆ ವಸ್ತು ಎಷ್ಟು ಎತ್ತರದಲ್ಲಿದೆ ಅನ್ನೋದರ ಜೊತೆಗೆ ಕೈ ಚಾಚಿದವರ ಎತ್ತರವೂ ಲೆಕ್ಕಕ್ಕೆ ಬರುತ್ತದಲ್ವಾ?

1981ರಲ್ಲಿ ಪೆಂಚಾನ್ಸ್ಕಿ ಮತ್ತು ಥಾಮಸ್ ಎಂಬ ಇಬ್ಬರು ಸಂಶೋಧಕರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಆಕ್ಸೆಸ್ ಅಂದರೆ ಸೇವೆಗೂ ಅದನ್ನು ಬಳಸುವವರಿಗೂ ಇರುವ ಹೊಂದಿಕೆ ಅಂತ. ಸೇವೆ ಇರಬೇಕು, ಹೋಗಿಬರುವಷ್ಟು ಹತ್ತಿರ ಇರಬೇಕು, ವೇಳೆ ಹೊಂದಬೇಕು, ಖರ್ಚು ತಾಳುವಂತಿರಬೇಕು, ಕೊಡುವವರ ರೀತಿ ಮನಸ್ಸಿಗೆ ಒಪ್ಪಬೇಕು. ಹುಡುಗಿ ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸದಲ್ಲಿರುತ್ತಾಳೆ, ಕ್ಲಿನಿಕ್ ತೆರೆದಿರುವುದೂ ಅದೇ ಹೊತ್ತಿಗೆ. ಅಲ್ಲಿಗೆ ಮುಗಿಯಿತು, ಪುಕ್ಕಟೆ ಕೊಟ್ಟರೂ ಅವಳಿಗೆ ಸಿಗುವುದಿಲ್ಲ. 2000ದಲ್ಲಿ ವಿಶ್ವಸಂಸ್ಥೆಯ ಒಂದು ಸಮಿತಿ ಆರೋಗ್ಯದ ಹಕ್ಕನ್ನು ವಿವರಿಸುವಾಗ ಇಂಥದ್ದೇ ಅಳತೆಗೋಲು ಇಟ್ಟುಕೊಂಡಿತು. 2016ರಲ್ಲಿ ಅದನ್ನೇ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯಕ್ಕೂ ಬಿಡಿಸಿ ಹೇಳಿತು. ಅಲ್ಲಿ ಮಾಹಿತಿ ಸಿಗುವುದೂ ಎಟುಕುವಿಕೆಯ ಒಂದು ಭಾಗ. ಇಂಥ ಸೇವೆ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಕೇಳೋದೆಲ್ಲಿಂದ ಬಂತು?

ಈ ‘ಸೇವೆ’ಯಲ್ಲಿ ಏನೇನು ಬರುತ್ತದೆ ಅಂದರೆ ಮುಟ್ಟಿನ ತೊಂದರೆ, ಕಾಂಡೋಮ್, ಮಾತ್ರೆ, ಕಾಪರ್-ಟಿ, ಬಸಿರು-ಬಾಣಂತನದ ಆರೈಕೆ, ಸುರಕ್ಷಿತ ಗರ್ಭಪಾತ, ಸೋಂಕುಗಳ ಪರೀಕ್ಷೆ ಮತ್ತು ಚಿಕಿತ್ಸೆ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ, ಹಿಂಸೆಗೆ ಒಳಗಾದವರಿಗೆ ನೆರವು, ಜೊತೆಗೆ ಇದನ್ನೆಲ್ಲ ನಾಚಿಕೆಯಿಲ್ಲದೆ ಕೇಳಿ ತಿಳಿದುಕೊಳ್ಳುವ ಒಂದು ಜಾಗ. 1994ರಲ್ಲಿ ಕೈರೋದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು ಇದರಲ್ಲಿ ಬಹುಪಾಲನ್ನು ಒಂದು ಕಂತೆಯಾಗಿ ಒಪ್ಪಿಕೊಂಡವು. ಅದಕ್ಕೂ ಮುಂಚೆ ಮಾತೆಲ್ಲ ಜನಸಂಖ್ಯೆ ಇಳಿಸುವುದರ ಸುತ್ತಲೇ ಇತ್ತು. 2030ರ ಹೊತ್ತಿಗೆ ಎಲ್ಲರಿಗೂ ಇದು ಎಟುಕಬೇಕು ಅನ್ನೋದು 2015ರಲ್ಲಿ ಹಾಕಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಇದೆ.

ಇನ್ನು ಇಂಗ್ಲಿಷಿನ ‘ವಲ್ನರಬಲ್’ ಅನ್ನೋದಕ್ಕೆ ವರದಿಗಳಲ್ಲಿ ಬರೆಯುವ ‘ದುರ್ಬಲ ಯುವತಿಯರು’ ಅನ್ನೋ ಮಾತು. ನನಗೆ ಈ ಅನುವಾದ ಹಿಡಿಸುವುದಿಲ್ಲ. ಹಾಗಂದಾಗ ಕೊರತೆ ಹುಡುಗಿಯಲ್ಲೇ ಇದೆ ಅನ್ನೋ ಹಾಗೆ ಕೇಳಿಸುತ್ತದೆ. ನಿಜ ಹೇಳಬೇಕೆಂದರೆ ಅವಳ ಸುತ್ತ ಏನಿದೆ ಅನ್ನೋದು ವಿಷಯ. ಮನೆ ಬಿಟ್ಟು ಬಂದವಳು, ನಿರಾಶ್ರಿತರ ಶಿಬಿರದಲ್ಲಿರುವವಳು, ಇನ್ನೊಬ್ಬರ ಮನೆಯಲ್ಲೇ ಇದ್ದು ಕೆಲಸ ಮಾಡುವವಳು, ಎಚ್‌ಐವಿ ಜೊತೆ ಬದುಕುತ್ತಿರುವವಳು. ಕಿವಿ ಕೇಳಿಸದ ಹುಡುಗಿಯನ್ನೇ ತಗೊಳ್ಳಿ. ಸನ್ನೆ ಭಾಷೆ ಬಲ್ಲವರು ಕ್ಲಿನಿಕ್‌ನಲ್ಲಿ ಇಲ್ಲ, ಹಾಗಾಗಿ ಜೊತೆಗೆ ಅಣ್ಣ ಬಂದಿದ್ದಾನೆ. ಡಾಕ್ಟರ್ ಪ್ರಶ್ನೆ ಅಣ್ಣನ ಬಾಯಿಂದ ಅವಳಿಗೆ, ಅವಳ ಉತ್ತರ ಅಣ್ಣನ ಬಾಯಿಂದ ಡಾಕ್ಟರ್‌ಗೆ. ಕೊನೆಯ ಮುಟ್ಟು ಯಾವಾಗ ಆಯಿತು ಅಂತ ಕೇಳಿದರೆ ಅವಳು ಏನು ಹೇಳಿಯಾಳು?

ಮದುವೆಯಾದ 16ರ ಹುಡುಗಿಗೆ ಯಾವ ಅಡ್ಡಿಯೂ ಇಲ್ಲ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಮದುವೆಯಾಗದವಳಿಗೆ “ಮದುವೆ ಆಗಿದೆಯಾ?” ಅನ್ನೋ ಪ್ರಶ್ನೆ. ಮದುವೆಯಾದವಳಿಗೆ “ಗಂಡನ ಕೇಳಿದೀಯಾ?” ಅನ್ನೋ ಪ್ರಶ್ನೆ. ಮಗು ತಡವಾಗಲಿ ಅಂತ ಅವಳಿಗೆ ಆಸೆಯಿದ್ದರೂ ದುಡ್ಡು, ಫೋನು, ಹೊರಗೆ ಹೋಗುವ ಅನುಮತಿ ಎಲ್ಲ ಬೇರೆಯವರ ಕೈಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19 ವರ್ಷದ ಹುಡುಗಿಯರು ವರ್ಷಕ್ಕೆ ಸುಮಾರು 2.1 ಕೋಟಿ ಸಲ ಬಸಿರಾಗುತ್ತಾರೆ, ಅದರಲ್ಲಿ ಹತ್ತಿರಹತ್ತಿರ ಅರ್ಧ ಬೇಡದೆ ಆದದ್ದು.

ಹೊತ್ತಿನ ಲೆಕ್ಕವೂ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಸಂಭೋಗವಾದ 5 ದಿನದೊಳಗೆ ತಗೊಳ್ಳಬೇಕು, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಎಚ್‌ಐವಿ ತಗಲದಂತೆ ಕೊಡುವ ಔಷಧಿಯನ್ನು, ಸೋಂಕು ತಗಲಿರಬಹುದಾದ ಘಟನೆ ನಡೆದ 72 ಗಂಟೆಯೊಳಗೆ ಶುರು ಮಾಡಬೇಕು. ಶುಕ್ರವಾರ ರಾತ್ರಿ ಹತ್ತಕ್ಕೆ ಒಬ್ಬಳ ಮೇಲೆ ಅತ್ಯಾಚಾರವಾಗಿದೆ. ಶನಿವಾರ ಪೂರ್ತಿ ಯಾರಿಗೆ ಹೇಳೋದು ಅಂತ ಗೊತ್ತಾಗದೆ ಕಳೆಯಿತು. ಭಾನುವಾರ ಕ್ಲಿನಿಕ್ ಇಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೋದಳು, 60 ಗಂಟೆ ಆಗಿತ್ತು, ಇನ್ನೂ 12 ಗಂಟೆ ಬಾಕಿ. “ಆ ಡಾಕ್ಟರ್ ಇವತ್ತು ರಜ, ನಾಳೆ ಬಾಮ್ಮ” ಅಂದರು. ಔಷಧಿ ಬೀರುವಿನಲ್ಲಿತ್ತು, ಬೀಗದ ಕೈ ಮಾತ್ರ ರಜೆಯ ಮೇಲಿತ್ತು.

ಹೆರಿಗೆಯಲ್ಲಿ ತಾಯಂದಿರು ಯಾಕೆ ಸಾಯುತ್ತಾರೆ ಅಂತ ಹುಡುಕಿದ ತಡ್ಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ‘ಮೂರು ವಿಳಂಬ’ ಅನ್ನೋ ಲೆಕ್ಕ ಕೊಟ್ಟರು: ಹೋಗೋಣ ಅಂತ ತೀರ್ಮಾನ ಮಾಡುವುದರಲ್ಲಿ ತಡ, ದಾರಿಯಲ್ಲಿ ತಡ, ಅಲ್ಲಿ ಹೋದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮೇಲಿನ ಹುಡುಗಿಗೆ ಮೊದಲನೆಯದು ಮತ್ತು ಮೂರನೆಯದು ಎರಡೂ ಆಯಿತು. ಮೊದಲನೆಯ ತಡ ಯಾವ ರಿಜಿಸ್ಟರ್‌ನಲ್ಲೂ ಕಾಣಿಸುವುದಿಲ್ಲ.

ಮೂರನೆಯದರಲ್ಲಿ ಸುಮ್ನೆ ಬೆಳೆದುಬಂದ ನಂಬಿಕೆಗಳ ಪಾಲೂ ಇದೆ. “ಈ ವಯಸ್ಸಿಗೆ ಇದನ್ನೆಲ್ಲ ಕೊಡೋಕಾಗಲ್ಲ” ಅನ್ನೋ ಮಾತು ಕೇಳಿರಬಹುದು. ಚಿಕ್ಕ ವಯಸ್ಸು ಅನ್ನೋದೊಂದೇ ಕಾರಣಕ್ಕೆ ಯಾವುದೇ ಗರ್ಭನಿರೋಧಕವನ್ನು ನಿರಾಕರಿಸಲು ವೈದ್ಯಕೀಯ ಆಧಾರ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಒಳಪರೀಕ್ಷೆಯ ವಿಷಯವೂ ಹಾಗೇ. ಕಾಪರ್-ಟಿ ಹಾಕುವ ಮುಂಚೆ ಅದು ಬೇಕೇ ಬೇಕು. ಮಾತ್ರೆ ಕೊಡುವುದಕ್ಕೆ ಬೇಡ, ಎರಡು ಹಾರ್ಮೋನ್ ಇರುವ ಮಾತ್ರೆಯಾದರೆ ಬಿಪಿ ನೋಡಿದರೆ ಒಳ್ಳೆಯದು ಅಷ್ಟೇ. ಒಳಪರೀಕ್ಷೆ ಮಾಡಿಬಿಡುತ್ತಾರೆ ಅನ್ನೋ ಭಯಕ್ಕೇ ಆಸ್ಪತ್ರೆ ಕಡೆ ಮುಖ ಹಾಕದವರಿದ್ದಾರೆ.

ಒಳ್ಳೆಯ ವೈದ್ಯಕೀಯ ಸೇವೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಡಾಕ್ಟರ್ 1971ರಲ್ಲಿ ಬರೆದಿದ್ದರು, ಅದಕ್ಕೆ ‘ತಲೆಕೆಳಗಾದ ಆರೈಕೆಯ ನಿಯಮ’ ಅಂತ ಹೆಸರು. ಇನ್ನೊಂದು ತಮಾಷೆ ನೋಡಿ. ಕೈಗೆಟುಕದ ದ್ರಾಕ್ಷಿ ಹುಳಿ ಅಂದುಕೊಂಡು ನರಿ ಹೊರಟುಹೋದ ಹಾಗೆ, ಎರಡು ಸಲ ಬರಿಗೈಲಿ ಬಂದ ಹುಡುಗಿ ಮೂರನೇ ಸಲ “ನಂಗೇನೂ ಆಗಿಲ್ಲ ಬಿಡಿ” ಅನ್ನುತ್ತಾಳೆ. ಸಮೀಕ್ಷೆಗೆ ಬಂದವರು ಅದನ್ನು ‘ಅಗತ್ಯವಿಲ್ಲ’ ಅನ್ನೋ ಕಾಲಮ್ಮಿಗೆ ಹಾಕುತ್ತಾರೆ.

ಇದಕ್ಕೆಲ್ಲ ಹೊಸ ಕಟ್ಟಡ ಬೇಕಾಗಿಲ್ಲ. ಕೌಂಟರ್‌ನಲ್ಲಿ ತೊಂದರೆ ಏನು ಅಂತ ಕೇಳದೆ ಹೆಸರು, ವಯಸ್ಸು ಬರೆದುಕೊಂಡು ಒಳಗೆ ಕಳಿಸಬಹುದು. ‘ಗುಪ್ತರೋಗ ವಿಭಾಗ’ ಅಂತ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಗುಪ್ತವಾಗಿ ಉಳಿಯುವುದಾದರೂ ಏನು? ಬೇರೆಲ್ಲರಂತೆ ಅದೇ ಬಾಗಿಲಿನಿಂದ ಒಳಗೆ ಬರುವ ಹಾಗೆ ಮಾಡಬಹುದು. ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು, “ಬೇರೆ ಏನಾದ್ರೂ ಇದೆಯಾಮ್ಮ?” ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಬಹುದು.

ಆ ತಲೆನೋವಿನ ಹುಡುಗಿಗೆ ಇರುವುದು ಕ್ಲಮೀಡಿಯಾದಂಥ ಸೋಂಕಾಗಿದ್ದರೆ ಕೆಲವು ದಿನದ ಮಾತ್ರೆಗೆ ವಾಸಿಯಾಗುತ್ತಿತ್ತು. ಬಿಟ್ಟರೆ ಅದು ಗರ್ಭನಾಳಕ್ಕೆ ಏರಿ ಮುಂದೆ ಮಕ್ಕಳಾಗದ ಹಾಗೂ ಮಾಡಬಹುದು. ನೋವು ತಡೆಯಲಾರದೆ ಮುಂದಿನ ತಿಂಗಳು ಅವಳು ಮತ್ತೆ ಬರಬಹುದು. ಕೌಂಟರ್‌ನಲ್ಲಿ ಹಳೇ ಚೀಟಿ ಕೇಳುತ್ತಾರೆ. ಅದರಲ್ಲಿ ತಲೆನೋವು ಅಂತ ಬರೆದಿರುತ್ತದೆ.