ಮೆಟ್ರಿಕ್‌ನ ಹೆಸರು ಬದಲಾದರೆ ಯಾರ ಪರದೆ ಖಾಲಿಯಾಗುತ್ತದೆ?

ಸರ್ವರ್‌ಗಳ ಮೇಲೆ ನಿಗಾ ಇಡುವ ಮುಕ್ತ ತಂತ್ರಾಂಶಗಳಿಗೆ ಕೊಡುಗೆ ನೀಡಬೇಕೆಂದು ಬರುವ ಕಿರಿಯ ಎಂಜಿನಿಯರುಗಳು ಮೊದಲು ಕೇಳುವುದು ‘ಯಾವ ಕೋಡ್ ಬರೆಯಲಿ?’ ಎಂದು. ಅದಕ್ಕೂ ಮುಂಚೆ ಒಂದೇ ಒಂದು ಸಂಖ್ಯೆಯನ್ನು ವಿವರಿಸಿ ಎನ್ನುತ್ತೇನೆ. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ‘ಮೆಮರಿ ಬಳಕೆ ಶೇ 95’ ಎಂದು ಕೆಂಪಾಗಿ ಕಾಣುತ್ತಿದೆ. ಆ 95 ಎಲ್ಲಿಂದ ಬಂತು?

ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ತನ್ನ ಮೆಮರಿಯ ಲೆಕ್ಕವನ್ನು ಮೆಮ್‌ಇನ್ಫೋ ಎಂಬ ಕಡತದಲ್ಲಿ ತೋರಿಸುತ್ತದೆ. ಅಲ್ಲಿ ಮೆಮ್‌ಫ್ರೀ ಎಂಬ ಸಾಲಿದೆ, ಮೆಮ್‌ಅವೇಲಬಲ್ ಎಂಬ ಸಾಲೂ ಇದೆ. ಮೊದಲನೆಯದು ಯಾವ ಕೆಲಸಕ್ಕೂ ಬಳಕೆಯಾಗದೆ ಉಳಿದ ಮೆಮರಿ. ಡಿಸ್ಕಿನಿಂದ ಓದಿದ ಕಡತಗಳನ್ನು ಕರ್ನಲ್ ಖಾಲಿ ಜಾಗದಲ್ಲಿ ಇರಿಸಿಕೊಳ್ಳುವುದರಿಂದ, ಕೆಲವು ದಿನ ಓಡಿದ ಆರೋಗ್ಯವಂತ ಯಂತ್ರದಲ್ಲೂ ಇದು ತೀರಾ ಕಡಿಮೆಯಿರುತ್ತದೆ. ಬಳಕೆಯನ್ನು ಇದರಿಂದ ಲೆಕ್ಕ ಹಾಕಿದರೆ ಶೇ 95 ಕಾಣುವುದು ಸಹಜ. ಎರಡನೆಯದು, ಹೊಸ ಪ್ರೋಗ್ರಾಂ ಒಂದು ಕೇಳಿದರೆ ಸ್ವಾಪ್‌ಗೆ (ಮೆಮರಿ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಹೋಗದೆ ಎಷ್ಟು ಕೊಡಬಹುದು ಎಂಬ ಅಂದಾಜು. 2014ರ ಕರ್ನಲ್ 3.14ರಲ್ಲಿ ಸೇರಿದ್ದು. ಎಚ್ಚರಿಕೆಯನ್ನು ಮೊದಲನೆಯದಕ್ಕೆ ಕಟ್ಟಿದವರ ಫೋನು ರಾತ್ರಿಯೆಲ್ಲ ವಿನಾಕಾರಣ ಬಡಿದುಕೊಳ್ಳುತ್ತದೆ.

ಪ್ರೊಮೀಥಿಯಸ್ ಎಂಬ ನಿಗಾ ತಂತ್ರಾಂಶದ ಬಳಗದಲ್ಲಿ ನೋಡ್ ಎಕ್ಸ್‌ಪೋರ್ಟರ್ ಎಂಬ ಪ್ರೋಗ್ರಾಂ ಇದೆ. ಅದು ಈ ಎರಡೂ ಸಾಲುಗಳನ್ನು ಮೆಟ್ರಿಕ್‌ಗಳಾಗಿ, ಅಂದರೆ ಹೆಸರಿಟ್ಟ ಅಳತೆಗಳಾಗಿ, ಹೊರಗೆ ಕೊಡುತ್ತದೆ. ಪ್ರತಿ ಮೆಟ್ರಿಕ್‌ನ ಜೊತೆಗೆ ಒಂದು ಸಾಲಿನ ಸಹಾಯ ಪಠ್ಯವೂ ಬರುತ್ತದೆ. ಇಲ್ಲಿ ಆ ಪಠ್ಯ ಹೇಳುವುದು ‘ಇದು ಮೆಮರಿ ಮಾಹಿತಿಯ ಇಂಥ ಕ್ಷೇತ್ರ’ ಎಂದಷ್ಟೇ. ಕ್ಷೇತ್ರದ ಹೆಸರನ್ನು ಕೋಡ್ ತಾನೇ ತುಂಬಿಕೊಳ್ಳುತ್ತದೆ. ಪ್ರತಿ ಸಾಲಿಗೂ ಬೇರೆ ಬೇರೆ ಪಠ್ಯ ಬರೆಯಬೇಕಿಲ್ಲ ಎಂಬ ಅನುಕೂಲ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಅರ್ಥವನ್ನು ಯಾರಾದರೂ ಎಲ್ಲಾದರೂ ಬರೆಯಲೇಬೇಕು. ನಿಗಾ ಉಪಕರಣ ತಯಾರಿಸುವ ಸರಕೇ ಸಂಖ್ಯೆ. ಅದರ ಅರ್ಥ ದಾಖಲಾಗುವವರೆಗೆ ಕೆಲಸ ಅರ್ಧ ಮಾತ್ರ ಆಗಿದೆ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಪ್ರೊಮೀಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ, ಗೂಗಲ್‌ನಿಂದ ಬಂದಿದ್ದ ಎಂಜಿನಿಯರುಗಳ ಕೈಯಲ್ಲಿ ಶುರುವಾಯಿತು. 2016ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳ ಸಂಸ್ಥೆಯಾದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಸೇರಿತು. ಕುಬರ್ನೆಟಿಸ್ ನಂತರ ಅಲ್ಲಿ ಸೇರಿದ ಎರಡನೆಯ ಯೋಜನೆ ಅದು. ಇಂದು ಬೆಂಗಳೂರಿನ ಎಷ್ಟೋ ತಂಡಗಳು ಇದನ್ನು ಹಗಲಿರುಳು ಓಡಿಸುತ್ತವೆ. ಓಡಿಸುವವರಿಗೆ ತಿಳಿದಿರುವುದರಲ್ಲಿ ಯೋಜನೆಗೆ ಮರಳಿ ಹೋಗುವುದು ಬಹಳ ಕಡಿಮೆ. ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಹೆಸರುಗಳ ವಿಚಾರಕ್ಕೆ ಬರೋಣ. 2018ರಲ್ಲಿ ನೋಡ್ ಎಕ್ಸ್‌ಪೋರ್ಟರ್‌ನ 0.16 ಆವೃತ್ತಿ ಹಲವು ಮೆಟ್ರಿಕ್‌ಗಳ ಹೆಸರನ್ನು ಬದಲಿಸಿತು. ‘ನೋಡ್ ಸಿಪಿಯು’ ಎಂದಿದ್ದದ್ದು ‘ನೋಡ್ ಸಿಪಿಯು ಸೆಕೆಂಡ್ಸ್ ಟೋಟಲ್’ ಆಯಿತು. ಹೊಸ ಹೆಸರೇ ಸರಿಯಾದದ್ದು: ಮೂಲಮಾನ ಸೆಕೆಂಡು ಎಂಬುದೂ, ಇದು ಏರುತ್ತಲೇ ಹೋಗುವ ಕೌಂಟರ್ ಎಂಬುದೂ ಹೆಸರಿನಲ್ಲೇ ತಿಳಿಯುತ್ತದೆ. ಆದರೆ ಹಳೆಯ ಹೆಸರನ್ನು ನಂಬಿದ್ದ ಗ್ರಾಫ್‌ಗಳು ಅಪ್‌ಗ್ರೇಡ್ ಆದ ಕ್ಷಣವೇ ಖಾಲಿಯಾಗುತ್ತವೆ. ಅದಕ್ಕಿಂತ ಅಪಾಯಕರವಾದದ್ದು ಎಚ್ಚರಿಕೆಯ ನಿಯಮ. ಇಲ್ಲದ ಮೆಟ್ರಿಕ್‌ನ ಮೇಲೆ ಬರೆದ ನಿಯಮ ದೋಷವನ್ನೇನೂ ತೋರಿಸುವುದಿಲ್ಲ, ಮೌನವಾಗಿರುತ್ತದೆ. ಆ ಬಿಡುಗಡೆಯ ಜೊತೆಗೆ ಅಪ್‌ಗ್ರೇಡ್ ಮಾರ್ಗದರ್ಶಿಯೊಂದನ್ನೂ, ಹಳೆಯ ಹೊಸ ಹೆಸರುಗಳನ್ನು ಹೊಂದಿಸುವ ನಿಯಮಗಳ ಕಡತವನ್ನೂ ಕೊಟ್ಟಿದ್ದರು. ಹೆಸರು ಬದಲಿಸುವ ಕೋಡ್‌ಗಿಂತ ಆ ಎರಡು ಕಡತಗಳೇ ಹೆಚ್ಚು ಜನರ ನಿದ್ದೆ ಉಳಿಸಿರಬೇಕು ಎಂಬುದು ನನ್ನ ಊಹೆ.

ಹಾಗಾಗಿ ಹೊಸ ಮೆಟ್ರಿಕ್ ಸೇರಿಸುವಾಗ ಹೆಸರಿನ ಬಗ್ಗೆ ಯೋಜನೆಯ ಕೋಡ್ ಪರಿಶೀಲಕರು ಪಟ್ಟು ಹಿಡಿದರೆ ಬೇಸರಿಸಬೇಡಿ. ಮಿಲಿಸೆಕೆಂಡು ಬೇಡ, ಸೆಕೆಂಡು ಬೇಕು. ಮೆಗಾಬೈಟು ಬೇಡ, ಬೈಟು ಬೇಕು ಎನ್ನುತ್ತಾರೆ. ಪ್ರೊಮೀಥಿಯಸ್ ಜೊತೆಗೆ ಬರುವ ಪರಿಶೀಲನಾ ಉಪಕರಣ ಪ್ರಾಮ್‌ಟೂಲ್‌ಗೆ ನಿಮ್ಮ ಮೆಟ್ರಿಕ್‌ಗಳನ್ನು ಉಣಿಸಿದರೆ ಇಂಥ ತಪ್ಪುಗಳಲ್ಲಿ ಹಲವನ್ನು ಅದೇ ಹಿಡಿದುಕೊಡುತ್ತದೆ. ಅಳತೆಯನ್ನು ಬಗೆಬಗೆಯಾಗಿ ವಿಂಗಡಿಸುವ ಲೇಬಲ್‌ಗಳ ವಿಷಯದಲ್ಲಿ ಮಾತ್ರ ನೀವೇ ಲೆಕ್ಕ ಹಾಕಬೇಕು. 20 ವೆಬ್ ವಿಳಾಸ ಮಾರ್ಗಗಳು, 5 ಬಗೆಯ ಸ್ಥಿತಿ ಸಂಕೇತಗಳು, 50 ಯಂತ್ರಗಳು ಎಂದರೆ 5,000 ಸಂಯೋಜನೆಗಳು. ಅಳೆಯುವುದು ಹಿಸ್ಟೋಗ್ರಾಂ (ಅಳತೆಗಳನ್ನು ಬಕೆಟ್ ಎಂಬ ವ್ಯಾಪ್ತಿಗಳಲ್ಲಿ ಎಣಿಸುವ ಮೆಟ್ರಿಕ್) ಆಗಿದ್ದು, ಗೋ ಭಾಷೆಯ ಲೈಬ್ರರಿ ತಾನಾಗಿ ಕೊಡುವ ಬಕೆಟ್‌ಗಳನ್ನೇ ಬಳಸಿದರೆ ಪ್ರತಿ ಸಂಯೋಜನೆಗೂ 14 ಸರಣಿಗಳು (ಕಾಲಕ್ರಮದಲ್ಲಿ ದಾಖಲಾಗುವ ಬೇರೆ ಬೇರೆ ಸಂಖ್ಯೆಗಳು), ಒಟ್ಟು 70,000. ಇದರ ಮೇಲೆ ಬಳಕೆದಾರರ ಗುರುತು ಸಂಖ್ಯೆಯನ್ನೂ ಲೇಬಲ್ ಮಾಡಿದರೆ ಸರ್ವರಿನ ಮೆಮರಿ ಮುಗಿಯಿತೆಂದೇ ತಿಳಿಯಿರಿ.

ಕೋಡ್ ಬರೆಯಲೇಬೇಕೆಂಬ ಹಂಬಲವಿದ್ದವರು ಯೋಜನೆಯ ಗಡಿಯನ್ನು ಮೊದಲು ಓದಿಕೊಳ್ಳಬೇಕು. ನೋಡ್ ಎಕ್ಸ್‌ಪೋರ್ಟರ್‌ನ ಕೊಡುಗೆ ನಿಯಮಗಳು ಸ್ಪಷ್ಟವಾಗಿವೆ: ಕರ್ನಲ್ ಮಾಹಿತಿ ತೋರಿಸುವ ಪ್ರಾಕ್ ಮತ್ತು ಸಿಸ್ ಕಡತಗಳನ್ನು ಓದಬಹುದು, ಸಿಸ್ಟಂ ಕಾಲ್ ಮಾಡಬಹುದು, ಸ್ಥಳೀಯ ಸಾಕೆಟ್ ಬಳಸಬಹುದು. ರೂಟ್ ಅಧಿಕಾರ (ಯಂತ್ರದ ಮೇಲಿನ ಪೂರ್ಣ ಅಧಿಕಾರ) ಬೇಕಾಗಬಾರದು, ಹೊರಗಿನ ಕಮಾಂಡುಗಳನ್ನು ಓಡಿಸುವಂತಿಲ್ಲ. ಅಂಥ ಅಗತ್ಯವಿದ್ದರೆ ಟೆಕ್ಸ್ಟ್‌ಫೈಲ್ ಕಲೆಕ್ಟರ್ ಇದೆ: ನಿಮ್ಮ ಸ್ಕ್ರಿಪ್ಟ್ ಒಂದು ಕಡತ ಬರೆದಿಟ್ಟರೆ ಎಕ್ಸ್‌ಪೋರ್ಟರ್ ಅದನ್ನು ಓದಿಕೊಳ್ಳುತ್ತದೆ. ಇದನ್ನು ತಿಳಿಯದೆ ಬರೆದ ಒಳ್ಳೊಳ್ಳೆಯ ಪ್ಯಾಚುಗಳು (ಕೋಡ್ ತಿದ್ದುಪಡಿಗಳು) ತಿರಸ್ಕೃತವಾಗುತ್ತವೆ. ಬರೆದವರ ಉತ್ಸಾಹವೂ ಅಲ್ಲಿಗೇ ಆರಿಹೋಗುತ್ತದೆ.

ನಿಜವಾದ ಅವಕಾಶ ನನಗೆ ಕಾಣುವುದು ಪರೀಕ್ಷಾ ಮಾದರಿಗಳಲ್ಲಿ. ಕರ್ನಲ್ ಕಡತಗಳ ನಮೂನೆಗಳನ್ನು ಫಿಕ್ಸ್‌ಚರ್ ಎಂದು ಕೋಡ್‌ನ ಜೊತೆಗೇ ಇಟ್ಟುಕೊಂಡು, ಅವನ್ನು ಓದಿದಾಗ ಬರಬೇಕಾದ ಉತ್ತರದೊಂದಿಗೆ ಹೋಲಿಸುತ್ತಾರೆ. ಯೋಜನೆಯ ನಿರ್ವಾಹಕರ ಮೇಜಿನ ಮೇಲೆ ಎಲ್ಲ ಬಗೆಯ ಯಂತ್ರಾಂಶ ಇರಲು ಸಾಧ್ಯವಿಲ್ಲ. ಅಪರೂಪದ ನೆಟ್‌ವರ್ಕ್ ಕಾರ್ಡು, ಪುನರ್ರಚನೆಯ ಮಧ್ಯದಲ್ಲಿರುವ ರೇಡ್ ಡಿಸ್ಕ್ ಸಮೂಹ (ಒಂದಾಗಿ ಕೆಲಸ ಮಾಡುವ ಹಲವು ಡಿಸ್ಕುಗಳು), ಒಂದು ಕೊಂಡಿ ಕಡಿದ ಬಾಂಡಿಂಗ್ ನೆಟ್‌ವರ್ಕ್ (ಹಲವು ಕೊಂಡಿಗಳನ್ನು ಒಂದಾಗಿ ಬಳಸುವ ಜೋಡಣೆ) ನಿಮ್ಮ ಕಚೇರಿಯಲ್ಲಿರಬಹುದು. ಆ ಹೊತ್ತಿನ ಕಡತವನ್ನು ಗುರುತುಗಳನ್ನು ಅಳಿಸಿ ಕಳಿಸಿಕೊಟ್ಟರೆ, ಬೇರೆ ಯಾರೂ ಕೊಡಲಾಗದ್ದನ್ನು ಕೊಟ್ಟಂತೆ. ಕಡತವನ್ನು ಬಿಡಿಸಿ ಓದುವ ಕೋಡ್ ಹೆಚ್ಚಾಗಿ ಪ್ರಾಕ್‌ಎಫ್‌ಎಸ್ ಎಂಬ ಪ್ರತ್ಯೇಕ ಕೋಡ್ ಭಂಡಾರದಲ್ಲಿರುತ್ತದೆ. ಅಲ್ಲಿ ಬದಲಾವಣೆ ಸೇರಿದ ಮೇಲೆಯೇ ಎಕ್ಸ್‌ಪೋರ್ಟರ್‌ಗೆ ಬರಬೇಕು. ತಡವಾಗುತ್ತದೆ, ತಾಳ್ಮೆ ಬೇಕು. ಕಮಿಟ್‌ಗೆ (ದಾಖಲಿಸುವ ಪ್ರತಿ ಬದಲಾವಣೆಗೆ) ಸೈನ್-ಆಫ್ ಸಾಲು ಸೇರಿಸುವುದನ್ನು ಮರೆಯಬೇಡಿ. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ನಿಮ್ಮ ಘೋಷಣೆ ಅದು.

ದಾಖಲೆ ತಿದ್ದಲು ಹೊರಟವರಿಗೊಂದು ಸೂಚನೆ. ಪ್ರೊಮೀಥಿಯಸ್ ಜಾಲತಾಣದ ಸಾಮಾನ್ಯ ಪುಟಗಳು ಒಂದು ಭಂಡಾರದಲ್ಲಿವೆ, ಸರ್ವರಿನ ಆವೃತ್ತಿಗೆ ಅಂಟಿದ ಪುಟಗಳು ಸರ್ವರ್ ಕೋಡ್‌ನ ಜೊತೆಗಿವೆ. ಎರಡನೆಯ ಬಗೆಯಲ್ಲಿ ಒಂದು ಅವಧಿಯಲ್ಲಿ ಕೌಂಟರ್ ಎಷ್ಟು ಏರಿತೆಂದು ಹೇಳುವ ‘ಇನ್‌ಕ್ರೀಸ್’ ಫಂಕ್ಷನ್ನಿನ ವಿವರಣೆ ನೋಡಿ: ಕೌಂಟರ್ ಪೂರ್ಣಾಂಕದಲ್ಲೇ ಏರಿದರೂ ಉತ್ತರ ಭಿನ್ನರಾಶಿಯಲ್ಲಿ ಬರಬಹುದು ಎಂದಿದೆ. 15 ಸೆಕೆಂಡಿಗೊಮ್ಮೆ ಓದಿದರೆ ಒಂದು ನಿಮಿಷದ ಅವಧಿಯಲ್ಲಿ 4 ಮಾದರಿಗಳು, ಅವುಗಳ ಹರವು 45 ಸೆಕೆಂಡು. ಆ ಹರವಿನಲ್ಲಿ 1 ಏರಿದ್ದನ್ನು 60 ಸೆಕೆಂಡಿಗೆ ಹಿಗ್ಗಿಸಿದಾಗ 1.33 ಬರುತ್ತದೆ. ದೋಷಗಳನ್ನು ಎಣಿಸುವ ಕೌಂಟರ್ ನೋಡಿ ‘1.33 ದೋಷ ಹೇಗೆ ಸಾಧ್ಯ?’ ಎಂದು ಗಾಬರಿಯಾದವರಿಗೆಲ್ಲ ಆ ಒಂದು ವಾಕ್ಯ ಉತ್ತರ ಕೊಡುತ್ತದೆ.

ಇಂಗ್ಲಿಷ್ ಚೆನ್ನಾಗಿಲ್ಲವೆಂದು ಹಿಂಜರಿಯುವ ಗೆಳೆಯರು ನಮ್ಮಲ್ಲಿ ಬಹಳ, ವಿಶೇಷವಾಗಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಚಿಕ್ಕ, ನೇರ ವಾಕ್ಯ ಸಾಕು. ವ್ಯಾಕರಣವನ್ನು ಪರಿಶೀಲಕರು ತಿದ್ದಬಲ್ಲರು, ನಿಮ್ಮ ಅನುಭವವನ್ನು ತಾವಾಗಿ ತುಂಬಲಾರರು.

ಶುರುಮಾಡಲು ಜಾಗ ಬೇಕಿದ್ದರೆ, ಕುಬರ್ನೆಟಿಸ್ ಮೇಲೆ ಪ್ರೊಮೀಥಿಯಸ್ ಓಡಿಸಲು ನೆರವಾಗುವ ಪ್ರೊಮೀಥಿಯಸ್ ಆಪರೇಟರ್ ಯೋಜನೆಯ ರನ್‌ಬುಕ್‌ಗಳನ್ನು ತೆರೆಯಿರಿ. ಎಚ್ಚರಿಕೆಯೊಂದು ಮೊಳಗಿದಾಗ ಅದರ ಅರ್ಥ, ಪರಿಣಾಮ, ತಪಾಸಣೆ, ಪರಿಹಾರ ಎಂಬ ಭಾಗಗಳು ಅಲ್ಲಿರುತ್ತವೆ. ಡಿಸ್ಕ್ ಇನ್ನು 24 ಗಂಟೆಯಲ್ಲಿ ತುಂಬೀತು ಎಂದು ಮುನ್ಸೂಚಿಸುವ ಎಚ್ಚರಿಕೆಯನ್ನೇ ತೆಗೆದುಕೊಳ್ಳಿ. ಅಳಿಸಿದ ಲಾಗ್ ಕಡತವನ್ನು ಯಾವುದೋ ಪ್ರೋಗ್ರಾಂ ತೆರೆದೇ ಹಿಡಿದಿದ್ದರೆ ಡಿಎಫ್ ಕಮಾಂಡ್ (ಡಿಸ್ಕಿನಲ್ಲಿ ಬಳಕೆಯಾದ ಜಾಗ) ತೋರಿಸುವ ಲೆಕ್ಕವೂ ಡಿಯು ಕಮಾಂಡ್ (ಕಡತಗಳ ಗಾತ್ರದ ಮೊತ್ತ) ತೋರಿಸುವ ಲೆಕ್ಕವೂ ತಾಳೆಯಾಗುವುದಿಲ್ಲ. ಆ ಪ್ರೋಗ್ರಾಂ ಕಡತವನ್ನು ಮುಚ್ಚುವವರೆಗೆ, ಇಲ್ಲವೇ ಅದನ್ನು ಮರುಚಾಲನೆ ಮಾಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಇಂಥದ್ದನ್ನು ನೀವು ರಾತ್ರಿ ಪಾಳಿಯಲ್ಲಿ ಪತ್ತೆಹಚ್ಚಿರುತ್ತೀರಿ. ತಪಾಸಣೆಯ ಭಾಗದಲ್ಲಿ ಅದಿಲ್ಲದಿದ್ದರೆ, ಓಡಿಸಬೇಕಾದ ಕಮಾಂಡನ್ನೂ ಕಾಣುವ ಉತ್ತರವನ್ನೂ ಸೇರಿಸಿ ಇದೇ ವಾರ ಕಳಿಸಿಬಿಡಿ.