ಹ್ಯೂಬ್ರಿಸ್: ಸೊಕ್ಕಿನ ಮೇಲೆ ಕೇಸು ಹಾಕುತ್ತಿದ್ದ ಕಾಲದ ಪದ

ದೊಡ್ಡ ಕಂಪನಿ ಮುಳುಗಿದಾಗ, ಗೆದ್ದೇ ಗೆಲ್ತೀನಿ ಅಂದ ನಾಯಕ ಸೋತಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಹ್ಯೂಬ್ರಿಸ್’ ಎಂಬ ಪದ ಕಾಣಿಸುತ್ತದೆ. ತನ್ನನ್ನು ಮೀರಿಸುವವರೇ ಇಲ್ಲ ಎಂಬ ಸೊಕ್ಕು, ಅದರ ಬೆನ್ನಿಗೇ ಬರುವ ಪತನ, ಎರಡೂ ಅದರಲ್ಲಿ ಸೇರಿವೆ. ಆದರೆ ಹಳೆಯ ಅಥೆನ್ಸ್‌ನಲ್ಲಿ ಹ್ಯೂಬ್ರಿಸ್ ಮಾಡಿದವನನ್ನು ಕೋರ್ಟಿಗೆ ಎಳೆಯಬಹುದಿತ್ತು.

ಮಗು, ಹೆಂಗಸು, ಗಂಡಸು, ಸ್ವತಂತ್ರರು, ಗುಲಾಮರು, ಯಾರ ಮೇಲೆ ಹ್ಯೂಬ್ರಿಸ್ ಮಾಡಿದರೂ ಅಪರಾಧವೆಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಪೆಟ್ಟು ತಿಂದವನೇ ಬರಬೇಕೆಂದಿರಲಿಲ್ಲ, ಯಾವ ನಾಗರಿಕನಾದರೂ ದೂರು ಕೊಡಬಹುದಿತ್ತು. ಶಿಕ್ಷೆ ಮರಣದಂಡನೆಯವರೆಗೂ ಹೋಗಬಹುದಿತ್ತು.

ಹಾಗಾದರೆ ಬರೀ ಹೊಡೆತಕ್ಕೂ ಹ್ಯೂಬ್ರಿಸ್‌ಗೂ ಏನು ವ್ಯತ್ಯಾಸ? ಕ್ರಿ.ಪೂ. 4ನೇ ಶತಮಾನದ ಒಂದು ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಆರಿಸ್ಟನ್ ಎಂಬ ಯುವಕ ಸಂಜೆ ಪೇಟೆ ಬೀದಿಯಲ್ಲಿ ಹೋಗುತ್ತಿದ್ದ. ಕೊನೊನ್ ಮತ್ತವನ ಕಡೆಯವರು ಅವನನ್ನು ಕೆಸರಿಗೆ ಕೆಡವಿದರು, ತುಳಿದರು, ತುಟಿ ಒಡೆದರು, ಮೇಲುಹೊದಿಕೆ ಕಿತ್ತುಕೊಂಡರು. ಆಮೇಲೆ ಕೊನೊನ್ ಅವನೆದುರು ನಿಂತು, ಕಾಳಗ ಗೆದ್ದ ಹುಂಜದ ಹಾಗೆ ಕೂಗಿದನಂತೆ, ಮೊಣಕೈಗಳನ್ನು ರೆಕ್ಕೆಯಂತೆ ಪಕ್ಕೆಗೆ ಬಡಿ ಎಂದು ಅವನ ಕಡೆಯವರು ಹುರಿದುಂಬಿಸಿದರಂತೆ. ಹ್ಯೂಬ್ರಿಸ್‌ಗೆ ಗುರುತು ಆ ಹುಂಜದ ಕೂಗೇ. ಆರಿಸ್ಟನ್‌ಗಾಗಿ ಅಥೆನ್ಸ್‌ನ ಹೆಸರಾಂತ ವಾಗ್ಮಿ ಡೆಮೊಸ್ತನೀಸ್ ಬರೆದುಕೊಟ್ಟ ಭಾಷಣ ಇಂದಿಗೂ ಉಳಿದಿದೆ. ಹ್ಯೂಬ್ರಿಸ್ ಕೇಸನ್ನೇ ಹಾಕಬಹುದಿತ್ತು, ಆದರೆ ಅಷ್ಟು ದೊಡ್ಡ ಭಾರ ನಿನ್ನ ವಯಸ್ಸಿಗೆ ಬೇಡ, ಹಲ್ಲೆಯ ಕೇಸು ಸಾಕು ಅಂತ ಮನೆಯವರೂ ಸ್ನೇಹಿತರೂ ಬುದ್ಧಿ ಹೇಳಿದರು ಎಂದು ಅದರಲ್ಲಿದೆ. ದೊಡ್ಡವರ ಮೇಲೆ ದೂರು ಕೊಡಲು ಹೊರಟವರಿಗೆ ಈ ಮಾತು ಇವತ್ತೂ ಕೇಳಿಸುತ್ತದೆ ಅಲ್ವಾ?

ಅರಿಸ್ಟಾಟಲ್ ಇದನ್ನು ಇನ್ನೂ ಬಿಡಿಸಿ ಹೇಳುತ್ತಾನೆ. ಲಾಭಕ್ಕಲ್ಲ, ಸೇಡಿಗೂ ಅಲ್ಲ, ಸುಮ್ನೆ ತನ್ನ ಖುಷಿಗೆ ಇನ್ನೊಬ್ಬರಿಗೆ ಅವಮಾನ ಮಾಡುವುದು ಹ್ಯೂಬ್ರಿಸ್. ಯುವಕರಲ್ಲೂ ಹಣವಂತರಲ್ಲೂ ಇದು ಜಾಸ್ತಿ, ಯಾಕೆಂದರೆ ಬೇರೆಯವರನ್ನು ತುಳಿದರೆ ತಾವು ಮೇಲಾದೆವು ಎಂದು ಅವರಿಗೆ ಅನ್ನಿಸುತ್ತದೆ. ಅವನಿಗಿಂತ ಹಿಂದಿನ, ಅಥೆನ್ಸ್‌ಗೆ ಕಾನೂನು ಬರೆದ ಕವಿ ಸೋಲೊನ್, ಹೊಟ್ಟೆ ತುಂಬಿ ಮಿಕ್ಕಿದಾಗ ಹ್ಯೂಬ್ರಿಸ್ ಹುಟ್ಟುತ್ತದೆ ಎಂದಿದ್ದ. ನಾವು ‘ತಿಂದು ಕೊಬ್ಬಿದ್ದಾನೆ’ ಅನ್ನುವುದೂ ಇದನ್ನೇ. ಎಲೆ ವಿಪರೀತವಾಗಿ ಸೊಕ್ಕಿ ಬೆಳೆದ ಗಿಡಕ್ಕೂ ಗ್ರೀಕರು ಈ ಪದವನ್ನೇ ಬಳಸುತ್ತಿದ್ದರು.

ದೇವರನ್ನೇ ಕೆಣಕುವ ಸೊಕ್ಕು ಎಂಬ ಅರ್ಥ ಗಟ್ಟಿಯಾಗಿದ್ದರಲ್ಲಿ ನಾಟಕಗಳ ಪಾಲು ದೊಡ್ಡದು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ಗ್ರೀಸಿನ ಮೇಲೆ ದಂಡೆತ್ತಿ ಬಂದ. ಹೆಲೆಸ್ಪಾಂಟ್ ಜಲಸಂಧಿಗೆ ಕಟ್ಟಿಸಿದ ಸೇತುವೆ ಬಿರುಗಾಳಿಗೆ ಮುರಿದಾಗ ಅವನು ನೀರಿಗೇ 300 ಛಡಿಯೇಟು ಹಾಕಿಸಿದ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಕ್ರಿ.ಪೂ. 472ರಲ್ಲಿ ನಾಟಕಕಾರ ಈಸ್ಕಿಲಸ್ ಕ್ಸರ್ಕ್ಸೀಸ್‌ನ ಸೋಲನ್ನು ರಂಗಕ್ಕೆ ತಂದ. ಹ್ಯೂಬ್ರಿಸ್ ಹೂಬಿಟ್ಟರೆ ಕೊನೆಗೆ ಕೊಯ್ಯುವುದು ಕಣ್ಣೀರಿನ ಬೆಳೆಯನ್ನೇ ಎಂದು ಅಲ್ಲಿ ಸತ್ತ ತಂದೆಯ ಪ್ರೇತ ಹೇಳುತ್ತದೆ.

19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಹೋಗಿದ್ದು ಈ ದುರಂತ ನಾಯಕನ ಹ್ಯೂಬ್ರಿಸ್. 2009ರಲ್ಲಿ ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವ, ವೈದ್ಯರೂ ಆದ ಡೇವಿಡ್ ಓವೆನ್ ಮತ್ತು ಮನೋವೈದ್ಯ ಜೊನಾಥನ್ ಡೇವಿಡ್ಸನ್ ‘ಹ್ಯೂಬ್ರಿಸ್ ಸಿಂಡ್ರೋಮ್’ ಎಂದು ಬರೆದರು. ಅಧಿಕಾರದಲ್ಲಿ ಕೂತವರಿಗೆ ತಗಲುವ ಕಾಯಿಲೆಯಂತೆ ಅದನ್ನು ನೋಡಿದರು. ಈ ದಾರಿಯಲ್ಲಿ ಕಳೆದುಹೋದವನು ಆರಿಸ್ಟನ್. ಈಗ ನಮ್ಮ ಗಮನವೆಲ್ಲ ಬೀಳುವ ದೊಡ್ಡ ಮನುಷ್ಯನ ಮೇಲೆ. ಅವನು ಯಾರನ್ನು ತುಳಿದ ಎಂದು ಕೇಳುವುದೇ ಇಲ್ಲ. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಗ್ರೀಸಿನ ಆಡುಮಾತಿನಲ್ಲಿ ಮಾತ್ರ ಹಳೆಯ ಅರ್ಥ ಸವೆದಿಲ್ಲ. ಆ ಪದದಿಂದಲೇ ಬಂದ ‘ವ್ರಿಸ್ಯಾ’ ಎಂದರೆ ಅಲ್ಲಿ ಇವತ್ತಿಗೂ ಬೈಗುಳ.